ಅತ್ತೆಗೆ ಮೀಸೆ ಬಂದಿದ್ದರೆ: ಆಸ್ಟ್ರೇಲಿಯಾದ ಮೂರು ಊರುಗಳಲ್ಲಿ

"ಈ ಸಲದ ದೀಪಾವಳಿ ಸಂಚಿಕೆಗೆ ಒಂದು ಪ್ರವಾಸ ಕಥನ ಕೊಡಿ ಡಾಕ್ಟ್ರೇ, ಕಾಂಗರೂ, ಕಡಲು, ಊಟ ಎಲ್ಲಾ ಇರಲಿ" ಎಂದು ಸಂಪಾದಕರು ಫೋನಿನಲ್ಲಿ ಕೇಳಿದಾಗ ಹಿಂದೆಮುಂದೆ ನೋಡದೆ ಒಪ್ಪಿಕೊಂಡೆ. ಬರೆಯಲು ಕೂತಾಗ ಕಾಂಗರೂ ಓಡಿಹೋಯಿತು. ಕಡಲು, ಊಟ ಅಲ್ಪಸ್ವಲ್ಪ ಉಳಿದಿವೆ. ಅವುಗಳ ಜೊತೆಗೆ ಮೂವತ್ತು ವರ್ಷದ ಹಿಂದಿನ ಒಂದು ಹಾಸ್ಟೆಲ್ ಜಗಳವೂ ಬಂದು ಕೂತಿದೆ. ಓದುಗರು ಸಹಿಸಿಕೊಳ್ಳಬೇಕು.

ಮೈಸೂರು ಮೆಡಿಕಲ್ ಕಾಲೇಜಿನ ಹಾಸ್ಟೆಲ್ಲಿನಲ್ಲಿ ನಾವು ನಾಲ್ವರು ಅಕ್ಕಪಕ್ಕದ ಕೋಣೆಗಳಲ್ಲಿದ್ದೆವು. 1990ರಲ್ಲಿ ದೂರದರ್ಶನದಲ್ಲಿ ಟಿಪ್ಪು ಸುಲ್ತಾನ್ ಧಾರಾವಾಹಿ ಬರುತ್ತಿತ್ತು. ಹಿಂದಿನ ವರ್ಷ ಫೆಬ್ರವರಿಯಲ್ಲಿ ಅದೇ ಧಾರಾವಾಹಿಯ ಚಿತ್ರೀಕರಣದ ವೇಳೆ ಪ್ರೀಮಿಯರ್ ಸ್ಟುಡಿಯೋಗೆ ಬೆಂಕಿ ಬಿದ್ದು ಅರವತ್ತಕ್ಕೂ ಹೆಚ್ಚು ಜನ ಸತ್ತಿದ್ದರು. ಹಾಗಾಗಿ ಮೈಸೂರಿನ ನಮಗೆ ಅದು ಬರೀ ಧಾರಾವಾಹಿಯಾಗಿರಲಿಲ್ಲ. ಪ್ರತಿ ಕಂತು ಮುಗಿದ ಮೇಲೂ ಜಗಳ. "1799ರಲ್ಲಿ ಟಿಪ್ಪು ಗೆದ್ದಿದ್ದರೆ ರಾಕೆಟ್ಟು, ರೇಷ್ಮೆ ಎರಡೂ ನಮ್ಮವು, ನಾವು ಜಪಾನ್ ಆಗಿಬಿಡುತ್ತಿದ್ದೆವು" ಎಂದು ಒಬ್ಬ. "ಸೋತದ್ದರಿಂದಲೇ ಒಡೆಯರು ಬಂದರು, ವಿಶ್ವೇಶ್ವರಯ್ಯ ಬಂದರು, ನೀನು ಓದುತ್ತಿರುವ ಈ ಕಾಲೇಜು ಬಂತು" ಎಂದು ನಾನು. ಇನ್ನೊಬ್ಬ ಅಂಪೈರು. ನಾಲ್ಕನೆಯವನು ಮಂಗಳೂರಿನವನು. ಎದೆಯ ಮೇಲೆ ರಾಬಿನ್ಸ್ ಪೆಥಾಲಜಿ ಪುಸ್ತಕ ಇಟ್ಟುಕೊಂಡು ಮಂಚದಲ್ಲಿ ಮಲಗಿ ಕೇಳಿಸಿಕೊಳ್ಳುತ್ತಿದ್ದ. ಒಂದು ಮಾತೂ ಆಡುತ್ತಿರಲಿಲ್ಲ.

ಊರಿನಲ್ಲಿ ನಮ್ಮಜ್ಜಿಯ ಮುಂದೆ ಯಾರಾದರೂ "ಹಾಗಾಗಿದ್ದರೆ ಹೀಗಾಗುತ್ತಿತ್ತು" ಎಂದರೆ ಸಾಕು, "ಅತ್ತೆಗೆ ಮೀಸೆ ಬಂದಿದ್ದರೆ ಮಾವ ಅನ್ನಬಹುದಿತ್ತು, ಎದ್ದು ಕೆಲಸ ನೋಡು" ಎನ್ನುತ್ತಿದ್ದಳು. ಅಜ್ಜಿಯ ಮಾತು ಕೇಳಿದ್ದರೆ ಎಷ್ಟೋ ರಾತ್ರಿಗಳ ನಿದ್ದೆ ಉಳಿಯುತ್ತಿತ್ತು.

ಈಗ ನಾನು ಇಂಗ್ಲೆಂಡಿನಲ್ಲಿ ವೈದ್ಯ. ಉಳಿದ ಮೂವರೂ ಆಸ್ಟ್ರೇಲಿಯಾದಲ್ಲಿ, ಪರ್ತ್‌ನಲ್ಲಿ ಅಂಪೈರು, ಬ್ರಿಸ್ಬೇನ್‌ನಲ್ಲಿ ಟಿಪ್ಪು ಪಕ್ಷದವನು, ಅಡಿಲೇಡ್‌ನಲ್ಲಿ ಮಂಗಳೂರಿನವನು. ಕನ್ನಡಿಗರಿಗೆ ಈ ಊರುಗಳ ಪರಿಚಯ ಕ್ರಿಕೆಟ್ಟಿನಿಂದ. 2003ರಲ್ಲಿ ಅಡಿಲೇಡ್‌ನಲ್ಲಿ ನಮ್ಮ ದ್ರಾವಿಡ್ ಹೊಡೆದ 233, 2008ರಲ್ಲಿ ಪರ್ತ್‌ನಲ್ಲಿ ನಮ್ಮ ಕುಂಬ್ಳೆ ನಾಯಕತ್ವದ ಗೆಲುವು ಮತ್ತು ಅವರ 600ನೆಯ ವಿಕೆಟ್ಟು ಯಾರಿಗೆ ಮರೆತೀತು? 2024ರ ಮಾರ್ಚ್‌ನಲ್ಲಿ ನಾನು ಆ ಮೂರೂ ಊರು ಸುತ್ತಿ ಬಂದೆ.

ಹೊರಡುವ ಮುನ್ನ ಒಂದಿಷ್ಟು ಓದಿಕೊಂಡೆ. ಆಗ ಕಂಡ ವಿಷಯ ನನ್ನನ್ನು ಮತ್ತೆ ಹಾಸ್ಟೆಲ್ಲಿಗೇ ಕರೆದೊಯ್ದಿತು. ಬ್ರಿಟಿಷರು ತಮ್ಮ ಕೈದಿಗಳನ್ನು ಮೊದಲು ಅಮೆರಿಕಕ್ಕೆ ಸಾಗಿಸುತ್ತಿದ್ದರು. 1781ರಲ್ಲಿ ಯಾರ್ಕ್‌ಟೌನ್‌ನಲ್ಲಿ ಕಾರ್ನ್‌ವಾಲಿಸ್ ಶರಣಾದ, ಅಮೆರಿಕ ಕೈತಪ್ಪಿತು. ಕೈದಿಗಳನ್ನು ಎಲ್ಲಿಗೆ ಕಳಿಸುವುದು? ಆಸ್ಟ್ರೇಲಿಯಾಕ್ಕೆ. ಸೋತ ಕಾರ್ನ್‌ವಾಲಿಸ್‌ನನ್ನು ಎಲ್ಲಿಗೆ ಕಳಿಸುವುದು? ಇಂಡಿಯಾಕ್ಕೆ. 1792ರಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಅರ್ಧ ರಾಜ್ಯವನ್ನೂ ಇಬ್ಬರು ಮಕ್ಕಳನ್ನೂ ಒತ್ತೆಯಾಗಿ ತೆಗೆದುಕೊಂಡವನು ಇವನೇ. 1788ರ ಜನವರಿಯಲ್ಲಿ ಮೊದಲ ಕೈದಿ ಹಡಗುಗಳು ಸಿಡ್ನಿ ತಲುಪಿದವು. ಅದೇ ವರ್ಷದ ಆಗಸ್ಟ್ 10ರಂದು ಟಿಪ್ಪುವಿನ ಮೂವರು ರಾಯಭಾರಿಗಳು ವರ್ಸೇಲ್ಸ್‌ನಲ್ಲಿ ಫ್ರಾನ್ಸಿನ ದೊರೆಯ ಮುಂದೆ ನಿಂತು ಸೈನ್ಯದ ನೆರವು ಕೇಳುತ್ತಿದ್ದರು. ನೆರವು ಸಿಗಲಿಲ್ಲ, ಮರುವರ್ಷ ಕ್ರಾಂತಿಯೇ ಆಯಿತು. ಶ್ರೀರಂಗಪಟ್ಟಣದ ಎರಡೂ ಮುತ್ತಿಗೆಗಳಲ್ಲಿದ್ದ ಮೆಕ್ವಾರಿ ಎಂಬ ಸೇನಾಧಿಕಾರಿ 1810ರಲ್ಲಿ ನ್ಯೂ ಸೌತ್ ವೇಲ್ಸ್‌ನ ಗವರ್ನರ್ ಆದ. ನಮ್ಮ ಕಾವೇರಿಗೂ ಆ ಖಂಡಕ್ಕೂ ಇಷ್ಟು ಹತ್ತಿರದ ನಂಟಿದೆ ಎಂದು ನನಗೆ ಗೊತ್ತಿರಲಿಲ್ಲ.

ಪರ್ತ್: ಇಲಿಗೂಡಿನ ದ್ವೀಪ

ಲಂಡನ್ನಿನಿಂದ ನೇರ ವಿಮಾನ, ಸುಮಾರು ಹದಿನೇಳು ಗಂಟೆ. ಇಳಿದಾಗ ಕಾಲು ಊದಿ ನನ್ನ ರೋಗಿಗಳ ಕಾಲಿನಂತೆ ಆಗಿತ್ತು. ಗೆಳೆಯ ಮನೆಯಲ್ಲಿ ಬಿಸಿಬೇಳೆಬಾತ್ ಮಾಡಿಸಿದ್ದ. ಮರುದಿನ ಕಿಂಗ್ಸ್ ಪಾರ್ಕಿನ ಗುಡ್ಡದ ಮೇಲೆ ನಿಂತು ನೋಡಿದರೆ ಕೆಳಗೆ ಸ್ವಾನ್ ನದಿ ಕೆರೆಯ ಹಾಗೆ ಹರಡಿಕೊಂಡಿತ್ತು.

ಪಶ್ಚಿಮ ಆಸ್ಟ್ರೇಲಿಯಾದ ಕಥೆ ಸ್ವಾರಸ್ಯದ್ದು. 1772ರಲ್ಲಿ ಫ್ರೆಂಚರು ಈ ಕರಾವಳಿಗೆ ಬಂದು ತಮ್ಮ ದೊರೆಯ ಹೆಸರಿನಲ್ಲಿ ಹಕ್ಕು ಸಾರಿ ಹೋಗಿದ್ದರು. ಮತ್ತೆ ಅವರೆಲ್ಲಿ ಬಂದು ಕೂರುತ್ತಾರೋ ಎಂಬ ಭಯವೂ ಸೇರಿ ಬ್ರಿಟಿಷರು ಇಲ್ಲಿ ನೆಲೆಯೂರಿದರು. 1829ರಲ್ಲಿ ಕ್ಯಾಪ್ಟನ್ ಸ್ಟರ್ಲಿಂಗ್ ಶುರುಮಾಡಿದಾಗ ಇದು ಸ್ವತಂತ್ರರ ವಸಾಹತು, ಕೈದಿಗಳು ಬೇಡ ಎಂಬ ಹೆಮ್ಮೆ ಇತ್ತು. ಇಪ್ಪತ್ತು ವರ್ಷದಲ್ಲಿ ಕೂಲಿಗೆ ಜನ ಸಾಲದೆ ಅವರೇ "ಕೈದಿಗಳನ್ನು ಕಳಿಸಿ" ಎಂದು ಅರ್ಜಿ ಹಾಕಿದರು. 1850ರಿಂದ 1868ರವರೆಗೆ ಸುಮಾರು 9,700 ಕೈದಿಗಳು ಬಂದರು. ಫ್ರಿಮ್ಯಾಂಟಲ್‌ನ ದೊಡ್ಡ ಸೆರೆಮನೆಯನ್ನು ಕಟ್ಟಿದವರೂ ಅವರೇ, ಅದರೊಳಗೆ ಇದ್ದವರೂ ಅವರೇ. ಈಗ ಅದು ವಿಶ್ವ ಪರಂಪರೆಯ ತಾಣ, ಟಿಕೆಟ್ಟು ಕೊಟ್ಟು ಒಳಗೆ ಹೋಗಬೇಕು.

ಪರ್ತ್‌ನಿಂದ ದಕ್ಷಿಣಕ್ಕೆ ಎರಡು ಗಂಟೆ ಕಾರಿನಲ್ಲಿ ಹೋದರೆ ಆಸ್ಟ್ರೇಲಿಂಡ್ ಎಂಬ ಊರಿದೆ. ಆಸ್ಟ್ರೇಲಿಯಾ ಮತ್ತು ಇಂಡಿಯಾ ಎರಡನ್ನೂ ಕೂಡಿಸಿ 1841ರಲ್ಲಿ ಒಂದು ಕಂಪನಿ ಇಟ್ಟ ಹೆಸರು. ಇಲ್ಲಿ ಕುದುರೆ ಸಾಕಿ ಇಂಡಿಯಾದ ಬ್ರಿಟಿಷ್ ಸೈನ್ಯಕ್ಕೆ ಮಾರುವ ಯೋಜನೆ. ಕಂಪನಿ ಕೆಲವೇ ವರ್ಷಗಳಲ್ಲಿ ಮುಳುಗಿತು. "ಇದು ಯಶಸ್ವಿಯಾಗಿದ್ದರೆ..." ಎಂದು ನಾನು ಬಾಯಿ ತೆರೆದೆ. "ಶುರುಮಾಡ್ದ ನೋಡಪ್ಪ" ಎಂದ ಅಂಪೈರು. ದಾರಿಯಲ್ಲಿ ಪಿಂಜಾರಾ ಸಿಕ್ಕಿತು. 1834ರಲ್ಲಿ ಸ್ಟರ್ಲಿಂಗನೇ ಮುಂದೆ ನಿಂತು ಅಲ್ಲಿಯ ಮೂಲನಿವಾಸಿಗಳ ಬಿಡಾರದ ಮೇಲೆ ಗುಂಡು ಹಾರಿಸಿದ ಜಾಗ ಅದು. ಕಾರು ನಿಲ್ಲಿಸಿ ಸ್ವಲ್ಪ ಹೊತ್ತು ಇಳಿದು ನಿಂತೆವು.

ಮರುದಿನ ರಾಟ್‌ನೆಸ್ಟ್ ದ್ವೀಪ. ಫ್ರಿಮ್ಯಾಂಟಲ್‌ನಿಂದ ಅರ್ಧ ಗಂಟೆಯ ದೋಣಿ. ಕ್ವೋಕಾ ಎಂಬ ಬೆಕ್ಕಿನಷ್ಟೆತ್ತರದ ಮುದ್ದು ಪ್ರಾಣಿ ಇಲ್ಲಿದೆ. 1696ರಲ್ಲಿ ಬಂದ ಡಚ್ಚರು ಅದನ್ನು ಇಲಿ ಎಂದು ತಿಳಿದು ದ್ವೀಪಕ್ಕೆ "ಇಲಿಗೂಡು" ಎಂದು ಹೆಸರಿಟ್ಟರು. ಈಗ ಎಲ್ಲರೂ ಅದರ ಜೊತೆ ಸೆಲ್ಫಿ ತೆಗೆದುಕೊಳ್ಳುತ್ತಾರೆ, ನಾನೂ ತೆಗೆದುಕೊಂಡೆ. ಅದಾದ ಮೇಲೆ ಗೆಳೆಯ ದಪ್ಪ ಗೋಡೆಯ ಎಂಟು ಮೂಲೆಯ ಒಂದು ಕಟ್ಟಡದ ಬಳಿಗೆ ಕರೆದೊಯ್ದ. 1838ರಿಂದ ಸುಮಾರು ನೂರು ವರ್ಷ ಈ ದ್ವೀಪ ಮೂಲನಿವಾಸಿಗಳ ಸೆರೆಮನೆಯಾಗಿತ್ತು. ಸುಮಾರು 4,000 ಗಂಡಸರನ್ನೂ ಹುಡುಗರನ್ನೂ ಇಲ್ಲಿಗೆ ತಂದರು. 370ಕ್ಕೂ ಹೆಚ್ಚು ಜನರನ್ನು ಹೆಸರಿಲ್ಲದ ಗುಂಡಿಗಳಲ್ಲಿ ಹೂಳಲಾಗಿದೆ. ಕಿಕ್ಕಿರಿದ ಕೋಣೆಯಲ್ಲಿ ಫ್ಲೂ, ದಡಾರ ಹೊಕ್ಕರೆ ಏನಾಗುತ್ತದೆ ಎಂದು ವೈದ್ಯನಿಗೆ ಬಿಡಿಸಿ ಹೇಳಬೇಕಿಲ್ಲ. ಈ ಸೆರೆಮನೆಯ ಕೋಣೆಗಳನ್ನೇ ಪ್ರವಾಸಿಗರ ವಸತಿ ಮಾಡಿದ್ದರು. ಜನ ಅಲ್ಲಿ ಮಲಗಿ ರಜೆ ಕಳೆಯುತ್ತಿದ್ದರು. ಅದು ನಿಂತದ್ದು 2018ರಲ್ಲಿ.

ಸ್ವತಂತ್ರರ ವಸಾಹತು ಎಂಬ ಹೆಮ್ಮೆಯಲ್ಲಿ ಹುಟ್ಟಿದ ಊರು ಕೈದಿಗಳನ್ನು ತರಿಸಿಕೊಳ್ಳುವುದಕ್ಕೆ ಹನ್ನೆರಡು ವರ್ಷ ಮೊದಲೇ ಆ ನೆಲದವರನ್ನು ಕೈದಿಗಳನ್ನಾಗಿ ಮಾಡಿತ್ತು.

ಬ್ರಿಸ್ಬೇನ್: ಗಾಳಿಗಿರಣಿಯ ನೆರಳು

ಬ್ರಿಸ್ಬೇನ್ ಹುಟ್ಟಿದ್ದೇ ಕೈದಿಗಳಿಗಾಗಿ. ಸಿಡ್ನಿಯಲ್ಲಿ ಮತ್ತೆ ತಪ್ಪು ಮಾಡಿದವರನ್ನು ತಂದು ಹಾಕಲು 1824ರಲ್ಲಿ ಮೋರ್ಟನ್ ಕೊಲ್ಲಿಯಲ್ಲಿ ನೆಲೆ ಮಾಡಿ, ಮರುವರ್ಷ ಈಗಿನ ಜಾಗಕ್ಕೆ ತಂದರು. 1842ರವರೆಗೆ ಬೇರೆಯವರು ಬಂದು ನೆಲೆಸುವಂತಿರಲಿಲ್ಲ.

ನನ್ನ ಗೆಳೆಯನ ಕ್ಲಿನಿಕ್ಕು ವಿಕ್ಹಮ್ ಟೆರೇಸ್ ಎಂಬ ರಸ್ತೆಯಲ್ಲಿದೆ. ಆ ರಸ್ತೆ ತುಂಬ ನಮ್ಮವರೇ, ಅಂದರೆ ವೈದ್ಯರೇ. ಅಲ್ಲೇ 1828ರ ಹಳೆಯ ಗಾಳಿಗಿರಣಿಯ ಗೋಪುರ ನಿಂತಿದೆ. ಗಾಳಿ ಇಲ್ಲದಾಗ ಕೈದಿಗಳು ತುಳಿಚಕ್ರದ ಮೆಟ್ಟಿಲು ಹತ್ತುತ್ತಾ ಅದನ್ನು ತಿರುಗಿಸಬೇಕಿತ್ತು. ನಮ್ಮೂರ ಗಾಣದ ಎತ್ತು ಸುತ್ತಾದರೂ ಬರುತ್ತಿತ್ತು, ಇವರು ನಿಂತಲ್ಲೇ ಹತ್ತುತ್ತಿದ್ದರು. ಇವತ್ತು ಅದೇ ರಸ್ತೆಯಲ್ಲಿ ಹೃದಯ ತಜ್ಞರು ರೋಗಿಗಳನ್ನು ಟ್ರೆಡ್‌ಮಿಲ್ ಮೇಲೆ ಓಡಿಸುತ್ತಾರೆ. ನಾನು ಇದನ್ನು ಹೇಳಿ ನಕ್ಕೆ. ಗೆಳೆಯ, "1841ರಲ್ಲಿ ಇಬ್ಬರು ಮೂಲನಿವಾಸಿಗಳನ್ನು ಇದೇ ಗೋಪುರದಲ್ಲಿ ನೇಣು ಹಾಕಿದರು" ಎಂದ. ನಗು ನಿಂತಿತು.

ಸಂಜೆ ವೆಸ್ಟ್ ಎಂಡ್‌ನಲ್ಲಿ ಊಟಕ್ಕೆ ಹೋದೆವು. ಹೋಟೆಲು ಇದ್ದದ್ದು ಬೌಂಡರಿ ಸ್ಟ್ರೀಟ್‌ನಲ್ಲಿ. ಬೌಂಡರಿ ಅಂದರೆ ಕ್ರಿಕೆಟ್ಟಿನದಲ್ಲ, ಊರಿನ ಎಲ್ಲೆ. ಹತ್ತೊಂಬತ್ತನೆಯ ಶತಮಾನದಲ್ಲಿ ಹೊತ್ತು ಮುಳುಗಿದ ಮೇಲೆ ಮೂಲನಿವಾಸಿಗಳು ಅದರೊಳಗೆ ಇರುವಂತಿರಲಿಲ್ಲ. ಇಂಥದೊಂದು ಗೆರೆ ನನಗೆ ಹೊಸದಲ್ಲವಲ್ಲ, ಎಲ್ಲಿ ನೋಡಿದ್ದೆ ಎಂದು ಊಟದುದ್ದಕ್ಕೂ ಯೋಚಿಸುತ್ತಿದ್ದೆ. ಉತ್ತರ ಗೊತ್ತಿತ್ತು, ಒಪ್ಪಿಕೊಳ್ಳಲು ಅಡಿಲೇಡ್‌ವರೆಗೆ ಹೋಗಬೇಕಾಯಿತು.

ಕ್ವೀನ್ಸ್‌ಲ್ಯಾಂಡಿನ ಕಬ್ಬಿನ ಕಥೆಯನ್ನೂ ಗೆಳೆಯ ಹೇಳಿದ. ಬ್ರಿಟಿಷ್ ಸಾಮ್ರಾಜ್ಯದಲ್ಲಿ ಗುಲಾಮಗಿರಿ ರದ್ದು ಮಾಡುವ ಕಾಯಿದೆ ಬಂದದ್ದು 1833ರಲ್ಲಿ. ಮೂವತ್ತು ವರ್ಷದ ಮೇಲೆ, 1863ರಿಂದ 1904ರವರೆಗೆ, ಶಾಂತಸಾಗರದ ದ್ವೀಪಗಳಿಂದ ಸುಮಾರು 62,000 ಕರಾರು ಕೂಲಿಗಳನ್ನು ಇಲ್ಲಿಗೆ ತಂದರು. ಎಷ್ಟೋ ಜನರನ್ನು ಮೋಸದಿಂದ, ಬಲವಂತದಿಂದ. 1901ರಲ್ಲಿ ಆಸ್ಟ್ರೇಲಿಯಾ ಒಂದು ದೇಶವಾದಾಗ, ಬಿಳಿಯರ ದೇಶ ಬೇಕೆಂದು ಬಹುಪಾಲು ಜನರನ್ನು ಹಿಂದಕ್ಕೆ ಅಟ್ಟಿದರು. ಹೊಸಬರು ಬಾರದಂತೆ ಉಕ್ತಲೇಖನದ ಪರೀಕ್ಷೆ ಇಟ್ಟರು. ಯಾವ ಐರೋಪ್ಯ ಭಾಷೆಯಲ್ಲಿ ಬೇಕಾದರೂ ಐವತ್ತು ಪದ ಹೇಳಿ ಬರೆಸಬಹುದು. ಇಂಗ್ಲಿಷ್ ಬಂದರೆ ಜರ್ಮನ್! ಆ ಪರೀಕ್ಷೆ 1958ರವರೆಗೆ ಇತ್ತು, ಬಿಳಿಯರ ನೀತಿ ಪೂರ್ತಿ ಹೋದದ್ದು 1973ರಲ್ಲಿ. "ನಮ್ಮಪ್ಪ ಬಂದಿದ್ದರೆ ಬಂದರಿನಲ್ಲೇ ಫೇಲ್" ಎಂದ ಟಿಪ್ಪು ಪಕ್ಷದವನು.

ಅಡಿಲೇಡ್: ಒಳ್ಳೆಯವರು ಕಟ್ಟಿದ ಊರು

ಒಂದೇ ಕಾಯಿಲೆಯ ಮೂವರಿಗೆ ಮೂರು ಬೇರೆ ಬೇರೆ ಔಷಧ ಕೊಟ್ಟು ನೋಡುವುದು ನಮ್ಮ ವೈದ್ಯರ ಪದ್ಧತಿ. ಚರಿತ್ರೆಯಲ್ಲಿ ಅಂಥ ಪ್ರಯೋಗ ಸಾಧ್ಯವಿಲ್ಲ ಅನ್ನುತ್ತಾರೆ. ಆದರೆ ಒಂದೇ ಸಾಮ್ರಾಜ್ಯ ಒಂದೇ ಖಂಡದಲ್ಲಿ ಕೈದಿಗಳಿಂದ ಶುರುವಾದ ಬ್ರಿಸ್ಬೇನ್, ನಡುವೆ ಕೈದಿಗಳನ್ನು ತರಿಸಿಕೊಂಡ ಪರ್ತ್, ಕೈದಿಗಳೇ ಬೇಡವೆಂದ ಅಡಿಲೇಡ್ ಮೂರನ್ನೂ ಮಾಡಿ ತೋರಿಸಿದೆ. "ರೆ" ಎಂದು ನಾವು ಹಾಸ್ಟೆಲ್ಲಿನಲ್ಲಿ ಊಹಿಸುತ್ತಿದ್ದದ್ದು ಇಲ್ಲಿ ಅಕ್ಕಪಕ್ಕ ನಿಂತಿದೆ.

ದಕ್ಷಿಣ ಆಸ್ಟ್ರೇಲಿಯಾ 1836ರಲ್ಲಿ ಶುರುವಾದದ್ದು ಸುಧಾರಕರ ಕನಸಾಗಿ. ಕೈದಿಗಳಿಲ್ಲ, ಎಲ್ಲ ಪಂಥದವರಿಗೂ ಅವರವರ ಪೂಜೆಯ ಸ್ವಾತಂತ್ರ್ಯ, ನೆಲವನ್ನು ಕ್ರಮವಾಗಿ ಮಾರಿ ಆ ಹಣದಲ್ಲಿ ಕೂಲಿಕಾರರನ್ನು ಕರೆತರುವುದು. ತಮಾಷೆಯೆಂದರೆ ಕೈದಿಗಳಿಲ್ಲದ ಈ ವಸಾಹತಿನ ಕಲ್ಪನೆ ವೇಕ್‌ಫೀಲ್ಡ್ ಎಂಬಾತನಿಗೆ ಹೊಳೆದದ್ದು ಲಂಡನ್ನಿನ ನ್ಯೂಗೇಟ್ ಜೈಲಿನಲ್ಲಿ. ಹದಿನೈದು ವರ್ಷದ ಶ್ರೀಮಂತ ಹುಡುಗಿಯೊಬ್ಬಳನ್ನು ಹಾರಿಸಿಕೊಂಡು ಹೋದದ್ದಕ್ಕೆ ಆತ ಮೂರು ವರ್ಷ ಒಳಗಿದ್ದ! ಊರಿನ ನಕ್ಷೆ ಹಾಕಿದ ಕರ್ನಲ್ ಲೈಟ್ ಹುಟ್ಟಿದ್ದು ಮಲಯದ ಕೆಡಾದಲ್ಲಿ, ಅವನ ತಾಯಿ ಮಿಶ್ರ ಏಷ್ಯನ್ ಮೂಲದವಳು. ಐವತ್ಮೂರನೆಯ ವಯಸ್ಸಿಗೆ ಕ್ಷಯದಿಂದ ತೀರಿಕೊಂಡ. ಮಾಂಟೆಫಿಯೋರ್ ಗುಡ್ಡದ ಮೇಲೆ ಅವನ ಪ್ರತಿಮೆಯ ಬಳಿ ನಿಂತರೆ ಸುತ್ತಲೂ ಹಸಿರು ಪಟ್ಟಿ, ನಡುವೆ ಚೌಕಾಬಾರಾ ಮನೆಯಂತೆ ಊರು.

ಕನಸು ಬರೀ ಮಾತಾಗಿ ಉಳಿಯಲಿಲ್ಲ. 1894ರ ಡಿಸೆಂಬರ್‌ನಲ್ಲಿ ಇಲ್ಲಿಯ ಶಾಸನಸಭೆ ಹೆಂಗಸರಿಗೆ ಮತ ಹಾಕುವ ಹಕ್ಕಿನ ಜೊತೆಗೆ ಚುನಾವಣೆಗೆ ನಿಲ್ಲುವ ಹಕ್ಕನ್ನೂ ಕೊಟ್ಟಿತು. ಕಾನೂನು ಇಲ್ಲಿನದಾದರೂ ಮೊದಲು ಗೆದ್ದವರು ಪರ್ತ್‌ನ ಈಡಿತ್ ಕೋವನ್, 1921ರಲ್ಲಿ. ಅವರ ಚಿತ್ರ ಐವತ್ತು ಡಾಲರ್ ನೋಟಿನಲ್ಲಿದೆ. ಗೆಳೆಯ ನೋಟನ್ನು ತಿರುಗಿಸಿ ಇನ್ನೊಂದು ಬದಿ ತೋರಿಸಿದ. ಡೇವಿಡ್ ಯುನೈಪನ್, ಇಲ್ಲಿಯ ನ್ಗಾರಿಂಜೆರಿ ಜನಾಂಗದವರು, ಲೇಖಕರು, ಕುರಿಯ ಉಣ್ಣೆ ಕತ್ತರಿಸುವ ಯಂತ್ರದ ಸುಧಾರಕರು. ಅವರ ಊರಿನ ಹೆಂಗಸರೂ 1896ರಲ್ಲಿ ಮತ ಹಾಕಿದರು. ಕಾನೂನು ಅವರನ್ನು ಹೊರಗಿಟ್ಟಿರಲಿಲ್ಲ. ಆದರೆ 1902ರಲ್ಲಿ ಇಡೀ ಆಸ್ಟ್ರೇಲಿಯಾಕ್ಕೆ ಒಂದು ಮತದಾನ ಕಾಯಿದೆ ಬಂತು. ಅದೇ ಕಾಯಿದೆ ಬಿಳಿ ಹೆಂಗಸರೆಲ್ಲರಿಗೂ ಹಕ್ಕು ಕೊಟ್ಟು ಬಹುಪಾಲು ಮೂಲನಿವಾಸಿಗಳನ್ನು ಹೊರಗಿಟ್ಟಿತು. ಒಕ್ಕೂಟದ ಚುನಾವಣೆಯಲ್ಲಿ ಎಲ್ಲರಿಗೂ ಮತ ಮರಳಿದ್ದು 1962ರಲ್ಲಿ.

ನೆಲದ ಕಥೆಯೂ ಅಷ್ಟೇ. 1836ರ ರಾಜಪತ್ರದಲ್ಲೇ, ಮೂಲನಿವಾಸಿಗಳು ಅನುಭವಿಸುತ್ತಿರುವ ನೆಲದ ಹಕ್ಕಿಗೆ ಧಕ್ಕೆ ಬರಬಾರದು ಎಂದು ಬರೆದಿತ್ತು. ಬರೆದದ್ದು ಬರೆದಲ್ಲೇ ಉಳಿಯಿತು. ಅಡಿಲೇಡ್ ಬಯಲಿನ ಕೌರ್ನ ಜನರ ನೆಲ ಎಕರೆ ಎಕರೆಯಾಗಿ ಮಾರಾಟವಾಯಿತು.

ಅವರ ಭಾಷೆ ಉಳಿದದ್ದು ಹೇಗೆ ಗೊತ್ತೇ? ಟೈಷಲ್‌ಮನ್, ಶೂರ್ಮನ್ ಎಂಬ ಇಬ್ಬರು ಜರ್ಮನ್ ಪಾದ್ರಿಗಳು 1840ರಲ್ಲಿ ಅದರ ವ್ಯಾಕರಣ, ಶಬ್ದಕೋಶ ಬರೆದಿಟ್ಟರು. ಅವರು ಕೌರ್ನದಲ್ಲೇ ಪಾಠ ಹೇಳುತ್ತಿದ್ದ ಶಾಲೆಯನ್ನು 1845ರಲ್ಲಿ ಸರ್ಕಾರ ಮುಚ್ಚಿಸಿತು. ಚೆನ್ನಾಗಿ ಮಾತಾಡಬಲ್ಲ ಕೊನೆಯವಳು 1929ರಲ್ಲಿ ತೀರಿಕೊಂಡಳು. ಈಗ ಮೊಮ್ಮಕ್ಕಳು ಆ ಪುಸ್ತಕ ಹಿಡಿದು ಭಾಷೆಯನ್ನು ಮತ್ತೆ ಕಲಿಯುತ್ತಿದ್ದಾರೆ. ನಮಗೂ ಒಬ್ಬ ಜರ್ಮನ್ ಪಾದ್ರಿ ನಿಘಂಟು ಕೊಟ್ಟರು. ಕಿಟ್ಟೆಲರ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ. ನಮ್ಮದು ಜನರ ಬಾಯಲ್ಲೂ ಇತ್ತು, ಪುಸ್ತಕದಲ್ಲೂ ಇತ್ತು. ಅವರದು ಪುಸ್ತಕದಲ್ಲಷ್ಟೇ ಉಳಿಯಿತು. ಕೌರ್ನದಲ್ಲಿ ಕುಶಲ ಕೇಳುವುದು "ನೀನಾ ಮಾರ್ನಿ?" ಎಂದು. "ನೀನಾ" ಅಂದರೆ ನೀನು! ಭಾಷಾತಜ್ಞರು ನಂಟನ್ನು ಒಪ್ಪುವುದಿಲ್ಲ, ಕಿವಿಗೆ ಮಾತ್ರ ನಂಟು ಅನ್ನಿಸುತ್ತದೆ.

ಲೋಟ

ರಾತ್ರಿ ಗೆಳೆಯನ ಮನೆಯಲ್ಲಿ ನೀರುದೋಸೆ, ಮೀನುಸಾರು. ನನಗೆ ಬೇರೆಯಾಗಿ ತರಕಾರಿ ಗಸಿ. ಊಟದ ಮೇಲೆ ನಾನು ಮತ್ತೆ ಹಳೇ ರಾಗ ತೆಗೆದೆ. "ಎಲ್ಲಾ ನೋಡಿದ ಮೇಲೂ ಹೇಳ್ತೀನಿ, ಆಳುವವರು ಒಳ್ಳೆಯವರಾದರೆ ಸ್ವಲ್ಪವಾದರೂ ವ್ಯತ್ಯಾಸ ಆಗುತ್ತೆ ಕಣೋ."

ಅವನು ಮೊದಲ ಸಲ ಆ ಜಗಳಕ್ಕೆ ಇಳಿದ. "ಆಗ್ತದೆ. ಒಳಗಿದ್ದವರಿಗೆ ಆಗ್ತದೆ ಮಾರಾಯ. 1799ರ ಮೇಲೆ ನಮ್ಮ ಕನ್ನಡನಾಡನ್ನೂ ತುಂಡು ಮಾಡಿ ಹಂಚಿದ್ರಲ್ಲ? ಮೈಸೂರು ಒಡೆಯರಿಗೆ, ಮಂಗಳೂರು ಮದ್ರಾಸಿಗೆ, ಧಾರವಾಡ ಮುಂಬಯಿಗೆ, ಕಲಬುರಗಿ ನಿಜಾಮನಿಗೆ. 1956ರವರೆಗೆ ಅದೂ ಒಂದು ಪ್ರಯೋಗವೇ. ಯಾವ ತುಂಡಿನಲ್ಲಿ ನಮ್ಮವರನ್ನು ಊರ ಬಾವಿಯಿಂದ ನೀರು ಸೇದಲಿಕ್ಕೆ ಬಿಟ್ರು, ಹೇಳು? ನೀವು ರಾತ್ರಿ ಎರಡರವರೆಗೆ ಟಿಪ್ಪು, ಕಾರ್ನ್‌ವಾಲಿಸ್ ಅಂತ ಕೂಗ್ತಿದ್ರಿ. ಯಾರು ಗೆದ್ದರೂ ನನ್ನಜ್ಜನ ಮನೆ ಊರಾಚೆಯೇ."

ನಾನು ಸುಮ್ಮನಿದ್ದೆ. ಅವನೇ ಮುಂದುವರಿಸಿದ. ಮಂಗಳೂರಿನ ವಕೀಲ ಕುದ್ಮುಲ್ ರಂಗರಾಯರು 1892ರಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದು, 1897ರಲ್ಲಿ ಅದಕ್ಕೊಂದು ಸಂಸ್ಥೆಯನ್ನೇ ಕಟ್ಟಿದರು. ಅವರ ಜಾತಿಯವರೇ ಅವರನ್ನು ದೂರ ಇಟ್ಟರು. ಅಂಥ ಒಂದು ಶಾಲೆಯಲ್ಲಿ ಇವನ ಅಜ್ಜ ಅಕ್ಷರ ಕಲಿತರಂತೆ. ದಾರಿಯಲ್ಲಿ ಕಲ್ಲು ಬೀಳುತ್ತಿದ್ದರೂ ಬಿಡಲಿಲ್ಲವಂತೆ. "ಟಿಪ್ಪು ಗೆದ್ದಿದ್ದರೆ ನಾನು ಡಾಕ್ಟರ್ ಆಗ್ತಿದ್ದೆನೋ ಇಲ್ಲವೋ ನಂಗೆ ಗೊತ್ತಿಲ್ಲ. ರಂಗರಾಯರು ಕೋರ್ಟಿಂದ ಸೀದಾ ಮನೆಗೆ ಹೋಗಿ ಮಲಗಿದ್ದರೆ, ಅಜ್ಜ ಕಲ್ಲಿಗೆ ಹೆದರಿ ಮನೆಯಲ್ಲೇ ಕೂತಿದ್ದರೆ ಆಗ್ತಿರಲಿಲ್ಲ. ಅಷ್ಟು ಗೊತ್ತುಂಟು."

ಆಗ ನಾನು ಹೇಳಲೇಬೇಕಾಯಿತು. 1991ರ ಯುಗಾದಿ ರಜೆಗೆ ಇವನನ್ನು ಹಾಸನದ ಹತ್ತಿರದ ನಮ್ಮೂರಿಗೆ ಕರೆದುಕೊಂಡು ಹೋಗಿದ್ದೆ. ಅಜ್ಜಿ "ಯಾವ ಪೈಕಿ ಮಗ?" ಎಂದಳು. ಇವನು ಮುಚ್ಚಿಡದೆ ಹೇಳಿದ. ಅಜ್ಜಿ ಜಗಲಿಯಲ್ಲೇ ಕೂರಿಸಿ ಕಾಫಿ ಕೊಟ್ಟಳು. ಕುಡಿದ ಮೇಲೆ "ಲೋಟ ತೊಳೆದು ಅಲ್ಲೇ ಕವುಚಿ ಹಾಕಪ್ಪ" ಎಂದಳು. ನನ್ನ ಲೋಟವನ್ನು ಅವಳೇ ಒಳಗೆ ತೆಗೆದುಕೊಂಡು ಹೋದಳು. ಇವನು ಹಿತ್ತಲ ತೊಟ್ಟಿಯ ಬಳಿ ಲೋಟ ತೊಳೆದು ಕವುಚಿಟ್ಟ. ನಾನು ಕಂಬಕ್ಕೆ ಒರಗಿ ನೋಡುತ್ತಿದ್ದೆ. ಮರುದಿನ ಬೆಳಗಿನ ಬಸ್ಸಿಗೇ ಹೊರಟುಬಿಟ್ಟ. ಮೂವತ್ತಮೂರು ವರ್ಷದಲ್ಲಿ ಆ ಮಾತನ್ನು ನಾನೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ.

"ಅವತ್ತು ನನ್ನದು ತಪ್ಪಾಯ್ತು" ಎಂದೆ.

ಅವನು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. "ನಿನ್ನಜ್ಜಿ ಅವರಿಗೆ ತಿಳಿದ ಹಾಗೆ ನಡಕೊಂಡ್ರು. ನಂಗೆ ಬೇಜಾರಾದದ್ದು ನಿನ್ನ ಮೇಲೆ. ಇಡೀ ಸಾಮ್ರಾಜ್ಯ ಮೇಲೆಕೆಳಗೆ ಮಾಡುವವನಿಗೆ ಅಜ್ಜಿ ಹತ್ರ ಒಂದು ಮಾತು ಹೇಳ್ಲಿಕ್ಕೆ ಬಾಯಿ ಬರಲಿಲ್ಲ." ಆಮೇಲೆ ಎದ್ದು ಹೋಗಿ ಎರಡು ಲೋಟ ಕಾಫಿ ತಂದ. ಕುಡಿದು ನಾನು ಲೋಟ ತೊಳೆಯಲು ಎದ್ದರೆ, "ಎಂತ ಮಾಡ್ತಿ? ಅಲ್ಲಿಡು, ಡಿಶ್‌ವಾಷರ್ ಉಂಟು" ಎಂದ. ಕ್ಷಮಿಸಿದನೋ ಇಲ್ಲವೋ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಹಿಂದಿನ ವರ್ಷ, 2023ರ ಅಕ್ಟೋಬರಿನಲ್ಲಿ, ಮೂಲನಿವಾಸಿಗಳ ಸಲಹಾ ಸಭೆಯೊಂದನ್ನು ಸಂವಿಧಾನದಲ್ಲಿ ಸೇರಿಸಬೇಕೇ ಎಂದು ಆಸ್ಟ್ರೇಲಿಯಾದಲ್ಲಿ ಜನಮತ ಕೇಳಿದ್ದರು. ನೂರಕ್ಕೆ ಅರವತ್ತು ಮಂದಿ ಬೇಡ ಎಂದರು. ಆದರೆ ದಕ್ಷಿಣ ಆಸ್ಟ್ರೇಲಿಯಾ ತನ್ನ ರಾಜ್ಯದ ಮಟ್ಟಿಗೆ ಅಂಥ ಸಭೆಗೆ ಕಾನೂನು ಮಾಡಿ, ನಾನು ಹೋದ ಆ ಮಾರ್ಚ್‌ನಲ್ಲೇ ಮೊದಲ ಚುನಾವಣೆ ನಡೆಸಿತು. 1836ರ ರಾಜಪತ್ರ ಬರೆದ ನೂರೆಂಬತ್ತೆಂಟು ವರ್ಷದ ಮೇಲೆ! ತಡವಾಯಿತು, ಆದರೂ ಆಯಿತು.

ವಿಮಾನ ನಿಲ್ದಾಣದಲ್ಲಿ ಇಳಿಸುವಾಗ ಗೆಳೆಯ ನನ್ನ ಮುಖ ನೋಡಿ "ನೀನಾ ಮಾರ್ನಿ?" ಎಂದ. ಉತ್ತರ ಮರೆತುಹೋಗಿತ್ತು. "ಚೆನ್ನಾಗಿದ್ದೀನಿ ಕಣೋ" ಎಂದೆ.

ನಮ್ಮ ಸಂಘದ ಊಟದ ಮೇಜುಗಳಲ್ಲೂ ಇಂಥ ಚರ್ಚೆ ಬರುತ್ತಿರುತ್ತದೆ. ಇವನು ಗೆದ್ದಿದ್ದರೆ, ಅವನು ಸೋತಿದ್ದರೆ, ಬ್ರಿಟಿಷರು ಬಾರದಿದ್ದರೆ ಎಂದು. ನಾನು ಈಗಲೂ ಸೇರಿಕೊಳ್ಳುತ್ತೇನೆ, ಚಟ ಬಿಡುವುದಿಲ್ಲ. ಆದರೆ ಒಂದು ಪ್ರಶ್ನೆಯನ್ನು ತಪ್ಪದೆ ಕೇಳುತ್ತೇನೆ: "ಹಾಗಾಗಿದ್ದರೆ ಜಗಲಿಯಲ್ಲಿ ಕೂತವನ ಪಾಡು ಏನಾಗುತ್ತಿತ್ತು?" ಅಜ್ಜಿ ಹೇಳಿದಂತೆ ಅತ್ತೆಗೆ ಮೀಸೆ ಬರುವುದಿಲ್ಲ, 1799 ಮತ್ತೆ ನಮ್ಮ ಕೈಗೆ ಸಿಗುವುದಿಲ್ಲ. ಅವತ್ತಿನ ಆ ಒಂದು ಕ್ಷಣ ಮಾತ್ರ ನನ್ನ ಕೈಯಲ್ಲಿತ್ತು. "ಕೊಡೋ ಲೋಟ, ನಾನು ತೊಳೀತೀನಿ" ಎಂದಿದ್ದರೆ ಸಾಕಿತ್ತು.

ಎಲ್ಲರಿಗೂ ದೀಪಾವಳಿಯ ಶುಭಾಶಯಗಳು.